ಹಳದಿ ಕಳೆದ ಪುಡಿ

ಹಿರಿಯೂರಿನ ಬಸ್ಸಿನಲ್ಲಿ ತೂಕಡಿಸುತ್ತಿದ್ದ ಅಂಜನಪ್ಪನಿಗೆ ಮುಂದಿನ ಸೀಟಿನ ಅಜ್ಜಿ ಮೊಮ್ಮಗಳ ಮಾತಿನಿಂದ ಎಚ್ಚರವಾಯಿತು.

“ಅಜ್ಜೀ, ಲ್ಯಾಬಲ್ಲಿ ಇವತ್ತು ನನ್ನ ಪುಡಿ ಗೆದ್ದೈತೆ! ಹಳದಿ ನೀರಿಗೆ ಚಿಟಿಕೆ ಹಾಕಿದ್ದಕ್ಕೆ ಅದರಲ್ಲಿದ್ದ ಎರಡು ವಸ್ತು ಒಂದಕ್ಕೊಂದು ಕೂಡಿ ಬಣ್ಣ ಪೂರಾ ಹೋತು.”

“ಪುಡಿ ಇಲ್ದಿದ್ರೆ ಹೋಗ್ತಿರ್ಲಿಲ್ವೇನೇ?”

“ಇಲ್ಲ, ಬೆಳಗ್ಗಿಂದ ಹಂಗೇ ಇತ್ತು.”

“ಆ ನೀರು ಯಾರಿಗೆ ಬೇಕಾಗೈತೆ?”

“ಯಾರಿಗೂ ಬೇಡ. ಪುಡಿ ಹೆಂಗೆ ಕೆಲಸ ಮಾಡ್ತೈತೆ ಅಂತ ಕಣ್ಣಾರೆ ನೋಡಕೆ ಅಷ್ಟೇ. ಗುಟ್ಟು ತಿಳಿದ್ರೆ ದೊಡ್ಡ ಕೆಲಸಕ್ಕೆ ಹಚ್ಚಬೋದು.”

“ಪುಡಿ ಕರಗಿಹೋತಾ?”

“ಸೋಸಿದ್ರೆ ಹಂಗೇ ಸಿಕ್ತು. ನಾಳೆ ಮತ್ತೆ ಅದನ್ನೇ ಹಾಕ್ತೀನಿ.”

“ನಮ್ಮೂರ ಮದುವೆ ದಲ್ಲಾಳಿ ಇದ್ದಂಗಾತು. ಕಂಡೋರಿಗೆಲ್ಲ ಜೋಡಿ ಕೂಡ್ಸಿದ, ತಾನು ಮಾತ್ರ ಹಂಗೇ ಉಳ್ಕಂಡ!”

ಇಬ್ಬರೂ ನಗುನಗುತ್ತಲೇ ಬಬ್ಬೂರಿನಲ್ಲಿ ಇಳಿದುಹೋದರು. ಹೆಣ್ಣು ಗಂಡು ಕೂಡಿಸುವುದರಲ್ಲೇ ತಲೆ ನರೆತು, ಮದುವೆಯಾಗದೇ ಉಳಿದಿದ್ದ ಅಂಜನಪ್ಪ ಒಬ್ಬನೇ ಕೂತು ನಕ್ಕ. ನಕ್ಕವನೇ ಮುಂದಿನ ಜೋಡಿ ಕೂಡಿಸಲು ಭರಮಸಾಗರದ ಗಂಡಿನ ಮನೆಗೆ ಫೋನು ಹಚ್ಚಿದ.