ಪಕ್ಕದ ಮನೆಗೆ ಹೋದ ಹಾಡು

ಇಲೊಯಿಲೊ ಪಟ್ಟಣದ ಮಾರುಕಟ್ಟೆಯೆದುರು ಜೀಪ್ನಿ ಗಾಡಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ತಂಗಿಯ ಮುಖ ಬಿಳಿಚಿಕೊಂಡಿತ್ತು. ನನ್ನ ಎರಡೂ ಕೈಯಲ್ಲಿ ಒಣಮೀನಿನ ಚೀಲಗಳಿದ್ದುದರಿಂದ ಕಿವಿ ಮುಚ್ಚಿಕೊಳ್ಳಲಾಗಲಿಲ್ಲ.

“ನಿನ್ನ ಮಗಳು ಟಿವಿ ಸ್ಪರ್ಧೆಯಲ್ಲಿ ಹಾಡಿದ್ದು ರೆಕಾರ್ಡ್ ಆಗ್ಲಿಲ್ವೇನೆ, ಲೊಯಿಡಾ?”

“ಆಗಿದೆ ಅಕ್ಕ. ನಮ್ಮ ಕಂಪ್ಯೂಟರಲ್ಲಲ್ಲ, ಪಕ್ಕದ್ಮನೆ ಆ ಪುರಿಂಗ್ ಕಂಪ್ಯೂಟರಲ್ಲಿ.”

“ಹುಂಜದ ವಿಷಯಕ್ಕೆ ಜಗಳ ಆದ್ಮೇಲೆ ಅವಳ ಜೊತೆ ಮಾತೇ ಬಿಟ್ಟಿದ್ರಲ್ಲ?”

“ಮಾತು ಬಿಟ್ವಿ, ವೈಫೈ ಬಿಡ್ಲಿಲ್ಲ. ಎರಡೂ ಮನೆಗೆ ಒಂದೇ. ಎಲ್ಲಿಗೆ ರೆಕಾರ್ಡ್ ಆಗ್ಬೇಕು ಅಂತ ಟಿವಿ ಕೇಳ್ದಾಗ ಎರಡು ಕಂಪ್ಯೂಟರ್ ಹೆಸರು ಬಂತು, ನಾನು ಗೊತ್ತಾಗ್ದೆ ಅವಳದ್ದು ಒತ್ಬಿಟ್ಟೆ.”

“ಅಯ್ಯೋ ದೇವ್ರೆ. ಅಳಿಸಿ ಹಾಕಿರ್ತಾಳೆ ಬಿಡು.”

“ಇಲ್ಲ. ನಮ್ಮನೆ ಟಿವಿಯಿಂದ್ಲೇ ತೆಗೆದು ನೋಡ್ದೆ. ಎಷ್ಟು ಸಲ ನೋಡಿದಾರೆ ಅಂತ ಅಲ್ಲೇ ತೋರಿಸುತ್ತೆ. ನಲವತ್ತೊಂದು ಸಲ, ಅಕ್ಕ.”

ಅಕ್ಕ ತಂಗಿಯ ಕಡೆ ತಿರುಗಿದಳು.

“ಮಗು ಹಾಡೋಕೆ ಕಲಿತಿದ್ದೇ ಅವಳ ತೊಡೆ ಮೇಲೆ ಕೂತು, ಅಲ್ವಾ?”

“ಹೂಂ.”

ಜೀಪ್ನಿ ಬಂತು.

“ಇವತ್ತೇ ಟಿವಿಯಲ್ಲಿ ಕಂಪ್ಯೂಟರ್ ಹೆಸರು ಬದಲಾಯಿಸ್ಕೋ. ಭಾನುವಾರ ಫೈನಲ್ಲು.”

ಲೊಯಿಡಾ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

“ಬೇಡ. ಅದೂ ಪುರಿಂಗಕ್ಕನ ಮನೆಗೇ ಹೋಗ್ಲಿ.”