ಪೂರ್ವ ಗೋಡೆಯ ನಾಲ್ಕು ಕಿಟಕಿಗಳು

ಹೆಸರು: ರೂಪಾಲಿ ಸಾತಲಿಂಗಪ್ಪ ಬಿರಾಜದಾರ. ವಯಸ್ಸು: 21 ವರ್ಷ. ಉದ್ಯೋಗ: ಶಿಕ್ಷಕ ತರಬೇತಿ ವಿದ್ಯಾರ್ಥಿನಿ, ಎರಡನೆಯ ವರ್ಷ, ಮೊದಲ ವರ್ಷದಲ್ಲಿ ತರಗತಿಗೆ ಪ್ರಥಮ. ಮೂಲ ವಾಸ: ಹೊನ್ನಜವಳಗಾ, ತಾಲೂಕು ಅಕ್ಕಲಕೋಟೆ, ಜಿಲ್ಲೆ ಸೋಲಾಪುರ. ಸದ್ಯದ ವಾಸ: ಸೋದರಮಾವನ ಅರಿವೆ ಅಂಗಡಿಯ ಮೇಲಿನ ಮಾಳಿಗೆ, ನವಿ ಪೇಠ, ಸೋಲಾಪುರ.

ಠಾಣೆಗೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಹೊನ್ನಜವಳಗಾದ ಸರಕಾರಿ ಕನ್ನಡ ಪ್ರೌಢಶಾಲೆಯಲ್ಲಿ ದಿನಾಂಕ 11-02-2025, ಮಂಗಳವಾರ ಒಂಬತ್ತನೆಯ ತರಗತಿಗೆ ನಡೆದ ಕಲಿಕಾ ಸಮೀಕ್ಷೆಯ ಪ್ರಶ್ನೆಪತ್ರಿಕೆ ಮೊದಲೇ ಹೊರಬಿದ್ದಿತ್ತೆಂದು ದೂರು ದಾಖಲಾಗಿದೆ. ಆ ದಿನ ಹೊರಗಿನ ಪರೀಕ್ಷಕಿಯಾಗಿ ಪರೀಕ್ಷೆ ನಡೆಸಿದವಳು ನಾನು. ಪತ್ರಿಕೆ ಹೊರಬಿದ್ದಿರಲಿಲ್ಲ. ನಡೆದದ್ದು ಬೇರೆ. ಠಾಣೆಯ ನಮೂನೆ ಮರಾಠಿಯಲ್ಲಿದೆ. ನಾನು ಓದಿದ ಶಾಲೆಯ ಭಾಷೆಯಲ್ಲಿಯೇ ನನ್ನ ಕೈಯಾರೆ ಬರೆದುಕೊಡುತ್ತೇನೆಂದು ಕೋರಿದೆ. ಮಹಿಳಾ ಪೊಲೀಸ್ ಕಲ್ಯಾಣಮ್ಮ ಅವರು ಕನ್ನಡ ಬಲ್ಲವರಾದ್ದರಿಂದ ತಪಾಸಣೆ ಅಧಿಕಾರಿಗಳು ಒಪ್ಪಿದರು.

ಈ ಸಮೀಕ್ಷೆಯ ಅಂಕಗಳ ಮೇಲೆ ಶಾಲೆಗೆ ಅ, ಬ, ಕ, ಡ ಎಂದು ದರ್ಜೆ ಕೊಡುತ್ತಾರೆ. ನಮ್ಮ ಶಾಲೆಗೆ ಸತತ ಎರಡು ವರ್ಷ ಡ ದರ್ಜೆ ಬಂದಿತ್ತು. ಮೂರನೆಯ ಸಲವೂ ಅದೇ ಬಂದರೆ ತರಗತಿಗಳನ್ನು ಏಳು ಕಿಲೋಮೀಟರ್ ದೂರದ ದುಧನಿಯ ಮರಾಠಿ ಶಾಲೆಯಲ್ಲಿ ವಿಲೀನ ಮಾಡುವುದಾಗಿ ಸೂಚನೆ ಬಂದಿತ್ತು.

ಪರೀಕ್ಷಕರು ಅದೇ ಊರಿನವರಾಗಿರಬಾರದೆಂಬ ನಿಯಮವಿದೆ. ತರಬೇತಿ ಕಾಲೇಜಿನ ದಾಖಲೆಯಲ್ಲಿ ನನ್ನ ವಿಳಾಸ ನವಿ ಪೇಠ ಎಂದಿರುವ ಕಾರಣ ನನಗೆ ಹೊನ್ನಜವಳಗಾ ಹಂಚಿಕೆಯಾಯಿತು. ಫೆಬ್ರುವರಿ 3ರಂದು ಪಟ್ಟಿಯಲ್ಲಿ ಇದನ್ನು ನೋಡಿದಾಗ ನಾನು ಯಾರಿಗೂ ಹೇಳಲಿಲ್ಲ. ಓದಿದ ಶಾಲೆಗೆ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಹೋಗಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು.

11ರಂದು ಬೆಳಗಿನ 5.45ರ ಬಸ್ಸಿಗೆ ಸೋಲಾಪುರ ಬಿಟ್ಟು 6.55ಕ್ಕೆ ಅಕ್ಕಲಕೋಟೆ ತಲುಪಿದೆ. 7.30ಕ್ಕೆ ತಾಲೂಕು ಕೇಂದ್ರದಲ್ಲಿ ಮೊಹರು ಹಾಕಿದ ಲಕೋಟೆಯನ್ನು ಸಹಿ ಮಾಡಿ ಪಡೆದೆ. ಇಲಾಖೆಯ ಜೀಪು 9.10ಕ್ಕೆ ನನ್ನನ್ನು ಶಾಲೆಯ ಗೇಟಿನಲ್ಲಿ ಇಳಿಸಿತು. ಅಲ್ಲಿಯವರೆಗೆ ಲಕೋಟೆ ನನ್ನ ತೊಡೆಯ ಮೇಲಿತ್ತು. ಮೊಹರು ಒಡೆದಿರಲಿಲ್ಲ.

ಗೇಟಿನಲ್ಲಿ ಪ್ರಭಾರಿ ಮುಖ್ಯಾಧ್ಯಾಪಕರಾದ ಗುರುಸಿದ್ಧ ಕಲಶೆಟ್ಟಿ ಸರ್, ವಯಸ್ಸು 57, ನಿಂತಿದ್ದರು. ಎಂಟನೆಯ ತರಗತಿಯಿಂದ ಹತ್ತರವರೆಗೆ ಅವರು ನನಗೆ ಗಣಿತ ಕಲಿಸಿದ್ದಾರೆ. ಇನ್ನು ನನಗೆ ಮ್ಯಾಡಮ್ ಎನ್ನಬೇಕೋ ಅವ್ವಾ ಎನ್ನಬೇಕೋ, ಸರಕಾರದ ನಿಯಮದಲ್ಲಿ ಏನಿದೆ ನೋಡಿ ಹೇಳು ಎಂದು ನಕ್ಕರು. ಮೊದಲಿನಂತೆಯೇ ಕರೆಯಿರಿ ಎಂದೆ. ಆಫೀಸಿನ ಗೋಡೆಯ ಮೇಲೆ, ಗಡಿಯಾರದ ಕೆಳಗೆ, ಚೌಕಟ್ಟು ಹಾಕಿದ ನನ್ನ ಫೋಟೋ ಇತ್ತು. 2018ರಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದಾಗ ನಡೆದ ಗುಣಮಟ್ಟ ಪರೀಕ್ಷೆಯಲ್ಲಿ 50ಕ್ಕೆ 48 ಅಂಕ ಪಡೆದು ತಾಲೂಕಿಗೆ ಪ್ರಥಮಳಾದಾಗ ಪೇಪರಿನಲ್ಲಿ ಬಂದದ್ದು. ಆ ಅಂಕಗಳನ್ನು ನೋಡಿಯೇ ನನ್ನ ತಂದೆ ಹತ್ತನೆಯ ತರಗತಿ ಮುಗಿದ ಮೇಲೆ ನನ್ನನ್ನು ಸೋಲಾಪುರಕ್ಕೆ ಓದಲು ಕಳುಹಿಸಿದರು. ಗಾಜನ್ನು ಅದೇ ಬೆಳಿಗ್ಗೆ ಒರೆಸಿದ್ದರು. ಒದ್ದೆ ಇನ್ನೂ ಆರಿರಲಿಲ್ಲ.

10.20ಕ್ಕೆ ಮೂವತ್ತು ವಿದ್ಯಾರ್ಥಿಗಳನ್ನು ಒಂಬತ್ತನೆಯ ತರಗತಿಯ ಕೋಣೆಯಲ್ಲಿ ಕೂರಿಸಿದೆ. ಕೋಣೆ 24 ಅಡಿ ಉದ್ದವಿದೆ. ಪೂರ್ವದ ಗೋಡೆಯಲ್ಲಿ ಐದೈದು ಅಡಿ ಅಂತರದಲ್ಲಿ ನಾಲ್ಕು ಕಿಟಕಿಗಳಿವೆ. ಪರೀಕ್ಷೆಯ ವೇಳೆ ಕೋಣೆಯಲ್ಲಿ ಶಾಲೆಯ ಶಿಕ್ಷಕರು ಯಾರೂ ಇರಬಾರದು. ನಾನು ಇದನ್ನು ಸರ್ ಅವರಿಗೆ ತಿಳಿಸಿದೆ. ಮಕ್ಕಳು ಹೊಸಬರನ್ನು ಕಂಡು ಹೆದರುತ್ತಾರೆ, ನಾನು ಬಾಯಿ ತೆರೆಯುವುದಿಲ್ಲ, ಕಿಟಕಿಯ ಬಳಿ ನಿಂತಿರುತ್ತೇನೆ ಎಂದರು. ನಾನು ಮೊಹರು ಒಡೆದು ಪತ್ರಿಕೆಗಳನ್ನು ಹಂಚಿದೆ. ಅವರು ಕೈ ಚಾಚಿದರು. ಹೆಚ್ಚುವರಿಯಾಗಿದ್ದ ಒಂದು ಪ್ರಶ್ನೆಪತ್ರಿಕೆಯನ್ನು ಆ ಕೈಗೆ ಕೊಟ್ಟೆ. ಯಾಕೆ ಕೊಟ್ಟೆ ಎಂದು ಅಧಿಕಾರಿಗಳು ಮೂರು ಸಲ ಕೇಳಿದ್ದಾರೆ. ಆ ಕೋಣೆಯಲ್ಲಿ ಓದುವಾಗ ಆ ಕೈ ಚಾಚಿದರೆ ನಾವು ಮಕ್ಕಳು ಯಾರೂ ಕೊಡುವುದಿಲ್ಲ ಎಂದಿರಲಿಲ್ಲ.

10.30ಕ್ಕೆ ಪರೀಕ್ಷೆ ಆರಂಭವಾಯಿತು. ಪ್ರಶ್ನೆಗಳು 40, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆಗಳು, ಸಮಯ 90 ನಿಮಿಷ. ಸರಿಯಾದ ಆಯ್ಕೆಯ ಅಂಕಿಯ ಸುತ್ತ ಗೆರೆ ಎಳೆಯಬೇಕು. ಸರ್ ಅವರು ಪ್ರತಿ ಎರಡು ನಿಮಿಷಕ್ಕೊಮ್ಮೆ ಕಟ್ಟಿಗೆಯ ಅಳತೆಪಟ್ಟಿಯಿಂದ ಕಿಟಕಿಯ ಕಟ್ಟೆಯನ್ನು ಒಂದು ಸಲ ತಟ್ಟುತ್ತಿದ್ದರು. ಸಮಯದ ಅರಿವಿಗಾಗಿ ಎಂದು ಭಾವಿಸಿದೆ. ತಟ್ಟಿದ ಮೇಲೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ನಡೆದು ನಿಲ್ಲುತ್ತಿದ್ದರು. 10.46ಕ್ಕೆ, ಒಂಬತ್ತನೆಯ ಪ್ರಶ್ನೆಯ ವೇಳೆ, ಮಕ್ಕಳು ಮೊದಲು ತಲೆ ಎತ್ತಿ, ಆಮೇಲೆ ತಗ್ಗಿಸಿ ಬರೆಯುವುದು ನನ್ನ ಗಮನಕ್ಕೆ ಬಂತು. ಉತ್ತರ ಒಂದಾದರೆ ಸರ್ ಬಾಗಿಲ ಕಡೆಯ ಮೊದಲನೆಯ ಕಿಟಕಿಯಲ್ಲಿ, ನಾಲ್ಕಾದರೆ ಕೊನೆಯದರಲ್ಲಿ ನಿಲ್ಲುತ್ತಿದ್ದರು. ಅವರು ಬಾಯಿ ತೆರೆಯಲಿಲ್ಲ.

ಪರೀಕ್ಷೆ ನಿಲ್ಲಿಸುವ ಅಧಿಕಾರ ನನಗಿತ್ತು. ನಿಲ್ಲಿಸಲಿಲ್ಲ.

11.14ಕ್ಕೆ ಇಪ್ಪತ್ಮೂರನೆಯ ಪ್ರಶ್ನೆ ಬಂತು. ಮಂಗಳವೇಢೆಯಿಂದ 11.40ಕ್ಕೆ ಹೊರಟ ಬಸ್ಸು 2 ಗಂಟೆ 35 ನಿಮಿಷ ಓಡಿದರೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬ ಲೆಕ್ಕ. ಉತ್ತರ 2.15, ಅದು ಎರಡನೆಯ ಆಯ್ಕೆ. ಸರ್ ಅವರು ಮೂರನೆಯ ಕಿಟಕಿಯಲ್ಲಿ ನಿಂತರು. ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. ಅವರ ಕನ್ನಡಕದ ಬಲಗಾಜು ಬಿರುಕು ಬಿಟ್ಟಿತ್ತು. ನಾನು ಒಮ್ಮೆ ಕೆಮ್ಮಿದೆ. ನನಗೆ ಕೆಮ್ಮು ಇರಲಿಲ್ಲ. ಅವರು ನನ್ನತ್ತ ನೋಡಿದರು, ಕಿಟಕಿ ಬದಲಿಸಲಿಲ್ಲ.

12.00ಕ್ಕೆ ಉತ್ತರಪತ್ರಿಕೆಗಳನ್ನು ಪಡೆದು, ಎಣಿಸಿ, ಮೊಹರು ಹಾಕಿದೆ. ಯಾವುದೇ ಅಕ್ರಮ ನಡೆದಿಲ್ಲವೆಂಬ ಪ್ರಮಾಣಪತ್ರಕ್ಕೆ 12.10ಕ್ಕೆ ಸಹಿ ಹಾಕಿದೆ. ಆ ಸಹಿ ನನ್ನದೇ. ನಂತರ ಸರ್ ಅವರು ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟರು. ಉಂಡೆ. ಊರಿನಲ್ಲಿಯೇ ಇರುವ ನನ್ನ ತಾಯಿ ದ್ರೌಪದಿ ಅವರ ಮನೆಗೆ ಹೋಗದೆ 1.05ರ ಜೀಪಿಗೆ ಹೊರಟೆ.

ಮಾರ್ಚ್ 24ರಂದು ಫಲಿತಾಂಶ ಬಂದು ಶಾಲೆಗೆ ಅ ದರ್ಜೆ ಸಿಕ್ಕಿತು. ಗೇಟಿನ ಮೇಲೆ ಅದನ್ನು ಬಣ್ಣದಿಂದ ಬರೆಸಿದರೆಂದು ತಾಯಿ ಫೋನಿನಲ್ಲಿ ತಿಳಿಸಿದರು. ಏಪ್ರಿಲ್ 4ರಂದು ದೂರು ದಾಖಲಾಯಿತು. 15ರಂದು ತಪಾಸಣೆ ಅಧಿಕಾರಿಗಳು ನನಗೆ ಉತ್ತರಪತ್ರಿಕೆಗಳ ಪ್ರತಿಗಳನ್ನು ತೋರಿಸಿದರು. ಇಪ್ಪತ್ತೊಂಬತ್ತು ಪತ್ರಿಕೆಗಳಲ್ಲಿ 39 ಸರಿ, ಒಂದು ತಪ್ಪು. ತಪ್ಪಾದದ್ದು ಎಲ್ಲದರಲ್ಲಿಯೂ ಇಪ್ಪತ್ಮೂರನೆಯದೇ, ಎಲ್ಲರೂ ಗುರುತಿಸಿದ್ದು ಮೂರನೆಯ ಆಯ್ಕೆಯನ್ನೇ. ಒಂದು ಪತ್ರಿಕೆ ಮಾತ್ರ ಬೇರೆ ಇತ್ತು. ಅದರಲ್ಲಿ ಒಟ್ಟು 17 ಸರಿ, ಇಪ್ಪತ್ಮೂರನೆಯದು ಸಹ ಸರಿ. ಅದು ಸೋನಾಲಿ ಎಂಬ ಹುಡುಗಿಯದು. ಅಂದು ನನಗೆ ಏನೂ ಗೊತ್ತಿಲ್ಲವೆಂದು ಹೇಳಿ ಬಂದೆ. ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ.

ಏಪ್ರಿಲ್ 20, ಭಾನುವಾರ, ಬೆಳಿಗ್ಗೆ 9.30ಕ್ಕೆ ನಾನು ಹೊನ್ನಜವಳಗಾದಲ್ಲಿ ಸೋನಾಲಿಯ ಮನೆಗೆ ಹೋದೆ. ಅವಳ ವಯಸ್ಸು 14. ತಾಯಿ ಲೀಲಾಬಾಯಿ ಅವರ ಸಮ್ಮುಖದಲ್ಲಿಯೇ ಮಾತನಾಡಿದೆ. ಓಣಿಯ ಮಕ್ಕಳೆಲ್ಲ ಮೂವತ್ತೊಂಬತ್ತು ತಂದಿದ್ದಾರೆ, ನಮ್ಮಾಕಿ ಹದಿನೇಳು ತಂದು ಮತ್ತೆ ಎರಡು ರೊಟ್ಟಿ ಹೆಚ್ಚು ಕೇಳುತ್ತಾಳೆ ಎಂದು ಲೀಲಾಬಾಯಿ ದೂರಿದರು. ಸರ್ ಅವರ ಕಿಟಕಿಯನ್ನು ಯಾಕೆ ನೋಡಲಿಲ್ಲವೆಂದು ನಾನು ಸೋನಾಲಿಯನ್ನು ಕೇಳಿದೆ. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ:

“ಮೊದಲಿನ ಮೂರು ನೋಡೇ ಬರದೀನ್ರಿ ಅಕ್ಕಾ. ಆಮ್ಯಾಲ ಬ್ಯಾಸರ ಬಂತು. ನನಗ ಎಷ್ಟ ಬರತಾವ ನೋಡೂಣು ಅಂತ ನಾನಽ ಬರದೆ. ಹದಿನೇಳರಾಗ ಮೂರು ತಗದ್ರ ಹದಿನಾಕು ನನ್ನವು.”

ಹದಿನಾಲ್ಕು ಎಂದು ಹೇಳುವಾಗ ಅವಳು ಹಿಟ್ಟು ಹತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ನೆಟ್ಟಗೆ ನಿಂತಳು. ನಾನು ಶಾಲೆಯಲ್ಲಿ, ಕಾಲೇಜಿನಲ್ಲಿ ಅನೇಕ ಸಲ ವೇದಿಕೆ ಹತ್ತಿದ್ದೇನೆ. ಹಾಗೆ ನಿಂತ ನೆನಪು ನನಗಿಲ್ಲ.

10.15ಕ್ಕೆ ಅಲ್ಲಿಂದ ಸುಮಾರು 300 ಹೆಜ್ಜೆ ದೂರದ ಸರ್ ಅವರ ಮನೆಗೆ ಹೋದೆ. ಕಂಡದ್ದನ್ನು ಠಾಣೆಯಲ್ಲಿ ಹೇಳುತ್ತೇನೆಂದು ತಿಳಿಸಿದೆ. ಅವರು ಸಿಟ್ಟಾಗಲಿಲ್ಲ. ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿದೆ ಎಂದರು. ಅದನ್ನು ಕೋರಿಕೆಯಂತೆ ಹೇಳಲಿಲ್ಲ, ತಾರೀಖು ಹೇಳಿದಂತೆ ಹೇಳಿದರು. ಇಪ್ಪತ್ಮೂರನೆಯ ಲೆಕ್ಕದಲ್ಲಿ ಅರವತ್ತು ನಿಮಿಷಕ್ಕೆ ಗಂಟೆ ಮಾಡುವುದನ್ನೇ ಮರೆತೆ ಎಂದು ನಕ್ಕರು. ಆಗ ನಾನು, 2018ರ ಫೆಬ್ರುವರಿ 9ರಂದು, ನನ್ನ ಪರೀಕ್ಷೆಯ ದಿನ, ಅದೇ ಕೋಣೆಯಲ್ಲಿ ತಾವು ಎಲ್ಲಿ ನಿಂತಿದ್ದಿರಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು.

“ನಿಂತಿದ್ದೆನವ್ವಾ. ಖರೇ ಹೇಳತೀನಿ, ನಿನ್ನ ಸಲುವಾಗಿ ನಿಂತಿದ್ದಿಲ್ಲ. ಉಳಿದವರ ಸಲುವಾಗಿ ನಿಂತಿದ್ದೆ. ನೀ ತಲಿ ಎತ್ತಲಿಲ್ಲ. ಹೋಗು, ಕಂಡದ್ದು ಬರಿ. ನಾ ಹಂಗಽ ಕಲಿಸೀನಿ.”

2018ರ ಸಂಗತಿ ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ, ಅದರ ಉತ್ತರಪತ್ರಿಕೆಗಳನ್ನು ಇಲಾಖೆ ಮೂರು ವರ್ಷಗಳ ನಂತರ ನಾಶಪಡಿಸಿದೆ, ಆ ಭಾಗವನ್ನು ಬಿಡಬಹುದು ಎಂದು ತಪಾಸಣೆ ಅಧಿಕಾರಿಗಳು ನನಗೆ ಸೌಜನ್ಯದಿಂದ ತಿಳಿಸಿದರು. ಬಿಡಬಾರದೆಂದು ನಾನು ಕೋರಿದೆ. ಅದರ ಕಾರಣವನ್ನು ಕೆಳಗೆ ಕೊಟ್ಟಿದ್ದೇನೆ.

ಆ ಪರೀಕ್ಷೆಯಲ್ಲಿ ನಾನು ತಲೆ ಎತ್ತಲಿಲ್ಲವೆಂದು ಏಳು ವರ್ಷಗಳಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಕಾಲೇಜಿನ ಭಾಷಣದಲ್ಲಿಯೂ ಹೇಳಿದ್ದೇನೆ. ಸರ್ ಅವರೂ ಹಾಗೆಯೇ ಹೇಳುತ್ತಾರೆ. ಆದರೆ ಅವರ ಮನೆಯಿಂದ ದುಧನಿ ಸ್ಟೇಷನ್ನಿನವರೆಗೆ ಬರುವಾಗ ನನಗೆ ಈ ಕೆಳಗಿನವು ನೆನಪಾದವು. ಆ ದಿನ ಮೊದಲನೆಯ ಕಿಟಕಿಯ ಹೊರಗೆ ನೀರಿನ ಟಾಕಿ ತುಂಬಿ ಚೆಲ್ಲುತ್ತಿತ್ತು. ಎರಡನೆಯದರ ಹೊರಗೆ ಬೇವಿನ ಗಿಡಕ್ಕೆ ಒಂದು ಎಮ್ಮೆ ಕಟ್ಟಿತ್ತು. ಅದರ ಎಡಗೊಂಬು ಮುರಿದಿತ್ತು. ಆ ಗಿಡವನ್ನು ಮರುವರ್ಷವೇ ಕಡಿದರು. ಮೂರನೆಯದರ ಹೊರಗೆ ನಮ್ಮ ಚಿಕ್ಕಪ್ಪನವರು ಜೋಳದ ಕಣಿಕೆಯ ಬಣವೆ ಒಟ್ಟುತ್ತಿದ್ದರು. ತಲೆಗೆ ಕೆಂಪು ಟವೆಲ್ ಸುತ್ತಿದ್ದರು. ನಾಲ್ಕನೆಯದರ ಹೊರಗೆ, ಹೊಲಗಳ ಆಚೆ, ಒಂದು ಗೂಡ್ಸ್ ಗಾಡಿ ನಿಂತಿತ್ತು. ಅದಕ್ಕೆ ನಲವತ್ತೊಂದು ಡಬ್ಬಿಗಳಿದ್ದವು. ಇವುಗಳಲ್ಲಿ ಯಾವುದೂ ಬೇರೆ ದಿನದ್ದಲ್ಲ.

ತಲೆ ಎತ್ತದವಳಿಗೆ ಇವು ಗೊತ್ತಿರಲು ಸಾಧ್ಯವಿಲ್ಲ. ನನ್ನ ಉತ್ತರಗಳನ್ನೆಲ್ಲ ಬರೆದು ಮುಗಿಸಿ, ಹೊತ್ತು ಹೋಗದೆ, ಡಬ್ಬಿಗಳನ್ನು ಎಣಿಸುತ್ತ ಕೂತಿದ್ದೆನೋ, ಅಥವಾ ಬರೆಯುವ ಮುನ್ನ ನೋಡಿದೆನೋ ಎಂಬುದು ನನಗೆ ನೆನಪಿಲ್ಲ. ನೆನಪಿಸಿಕೊಳ್ಳಲು ಎರಡು ದಿನ ಪ್ರಯತ್ನಿಸಿದ್ದೇನೆ. ಆ ಉತ್ತರಪತ್ರಿಕೆ ಎಲ್ಲಿಯಾದರೂ ಉಳಿದಿದ್ದರೆ ನನಗೆ ಒಮ್ಮೆ ತೋರಿಸಬೇಕೆಂದು ವಿನಂತಿ. ಅಂಕ ಕಡಿಮೆ ಮಾಡಿದರೂ ನನ್ನ ತಕರಾರಿಲ್ಲ. ನಲವತ್ತೆಂಟರಲ್ಲಿ ನನ್ನವು ಎಷ್ಟು ಎಂಬುದಷ್ಟೇ ನನಗೆ ಬೇಕು.

ಇಲ್ಲಿಯವರೆಗಿನ ಹೇಳಿಕೆಯನ್ನು ಕಲ್ಯಾಣಮ್ಮ ಅವರು ನನಗೆ ಗಟ್ಟಿಯಾಗಿ ಓದಿ ಹೇಳಿದ್ದಾರೆ. ಇದರಲ್ಲಿ ನನಗೆ ಗೊತ್ತಿರುವುದೆಲ್ಲ ನಿಜವಾಗಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆದಿದ್ದೇನೆ. ಬರೆಯುವಾಗ ಯಾರ ಕಡೆಗೂ ನೋಡಿಲ್ಲ.

ಸ್ಥಳ: ಅಕ್ಕಲಕೋಟೆ
ದಿನಾಂಕ: 22-04-2025, ಮಧ್ಯಾಹ್ನ 3.40
ಸಹಿ: ರೂಪಾಲಿ ಸಾ. ಬಿರಾಜದಾರ