ಬಣ್ಣ ಹಚ್ಚದ ಸೈಕಲ್ಲು

ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ರುದ್ರಾಣಿಯ ಪಕ್ಕ ಒಬ್ಬ ಮುದುಕ, ಒಬ್ಬ ಹೆಂಗಸು ಬಂದು ಕೂತರು. ಮುದುಕನ ತೊಡೆ ಮೇಲೆ ಬಣ್ಣವಿಲ್ಲದ ಸೈಕಲ್ ಫ್ರೇಮು. ರುದ್ರಾಣಿ ಮೊಬೈಲು ನೋಡುವವಳಂತೆ ಕಿವಿ ಮಾತ್ರ ಅತ್ತ ಕೊಟ್ಟಳು.

“ನಿನ್ನ ವೆಲ್ಡಿಂಗ್ ಚಂದಾಗೇ ಅದೆ ಬಿಂದುಶ್ರೀ, ಬಣ್ಣ ಯಾಕವ್ವ ಬಳಿದಿಲ್ಲ? ಊರೋರು ಗುಜರಿ ತಂದವ್ನೆ ಅಂತಾರೆ.”

“ಅನ್ಲಿ ಬಿಡಿ ಚೆಲುವಯ್ಯನೋರೆ. ಚಕ್ರ ಹಾಕ್ಸಿ ಒಂದು ವಾರ ತುಳೀರಿ. ಮಂಡಿ ನೋವು ಬಂದ್ರೆ ಕುಯ್ದು ಮತ್ತೆ ಬೆಸೀತೀನಿ. ಬಣ್ಣ ಆಮೇಲೆ.”

“ಕಂಬಿ ಇಷ್ಟು ಕೆಳಗಿದ್ರೆ ಕಾಲೆತ್ತೋದೇ ಬ್ಯಾಡ ಕಣವ್ವ. ಡಾಕ್ಟ್ರು ಸೈಕಲ್ ಮರ್ತುಬುಡು ಅಂದಿದ್ರು.”

“ನಿಮ್ಮ ಮಂಡಿ ಬಗ್ಗೋ ಅಷ್ಟಕ್ಕೇ ಅಳತೆ ಹಿಡ್ದಿದ್ದೀನಿ.”

“ಅಲ್ಲಾ… ಕ್ಯಾರಿಯರ್ ಬಾರ ತಡೀತದಾ?”

“ಏನು ಹೇರ್ತೀರಿ, ಹುಲ್ಲಾ?”

“ಚಿಕ್ಕಬಸಮ್ಮ. ನಮ್ಮನೆಯವ್ಳು. ಬಸ್ ಅತ್ತಿದ್ರೆ ವಾಂತಿ. ನಾನು ಸೈಕಲ್ ಬುಟ್ಟಾಗಿಂದ ಅವ್ಳು ತವರಿಗೇ ಓಗಿಲ್ಲ.”

“ಅಯ್ಯೋ, ಮೊದ್ಲೇ ಹೇಳ್ಬಾರ್ದಾ!”

“ನಾಚ್ಕೆ ಆಯ್ತು.”

ಬಿಂದುಶ್ರೀ ಫ್ರೇಮನ್ನು ತನ್ನ ತೊಡೆಗೆ ಎಳೆದುಕೊಂಡಳು. “ಹಿಂದಿನ ಕಂಬಿ ಉದ್ದ ಮಾಡ್ಬೇಕು. ಅವ್ರನ್ನೂ ಕರ್ಕೊಂಡು ಬನ್ನಿ, ಅಳತೆಗೆ. ಮೊದ್ಲೇ ಬಣ್ಣ ಹಚ್ಚಿದ್ದಿದ್ರೆ ಎಲ್ಲಾ ದಂಡ ಆಗ್ತಿತ್ತಲ್ವಾ?”

ಮುಡುಕುತೊರೆ ಬಸ್ಸು ಬಂತು. ಚೆಲುವಯ್ಯ ಬರಿಗೈಲಿ, ನಗುತ್ತಾ ಎದ್ದ. ರುದ್ರಾಣಿಗೆ ತಡೆಯಲಾಗಲಿಲ್ಲ.

“ಯಾವ ಬಣ್ಣ ಹಚ್ಚಿಸ್ತೀರಿ ತಾತ?”

ಬಸ್ಸಿನ ಮೆಟ್ಟಿಲ ಮೇಲಿಂದ ಮುದುಕ ತಿರುಗಿದ.

“ಇಂದ್ಗಡೆ ಕೂರೋಳ್ನ ಕೇಳ್ಬೇಕು ಕಣವ್ವ!”